ಕತೆ ಬರೆದದ್ದು ಯಾರಿಗೆ?

ಕತೆಯ ಪಾಠ ಮುಗಿದೊಡನೆ ಬರುವ ಪ್ರಶ್ನೆ ಮಕ್ಕಳಿಗೆಲ್ಲ ಬಾಯಿಪಾಠ: 'ಈ ಕತೆಯ ನೀತಿಯೇನು?' ಉತ್ತರ ಗೈಡಿನಲ್ಲಿರುತ್ತದೆ. ಅದನ್ನು ಬರೆದರೆ ಎರಡು ಅಂಕ. ನಮ್ಮ ಮನೆಯ ಹುಡುಗಿ ಮಾತ್ರ ಒಮ್ಮೆ ಬೇರೆಯೇ ಪ್ರಶ್ನೆ ಹಾಕಿದಳು: "ಅಪ್ಪಯ್ಯ, ಇದನ್ ಬರ್ದದ್ ಯಾರಿಗೆ?" ಅಂಕವಿಲ್ಲದ ಈ ಪ್ರಶ್ನೆಯೇ ದೊಡ್ಡದೆಂದು ನನ್ನ ಅನಿಸಿಕೆ.

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಬಾಲ ಪ್ರಪಂಚ'ವನ್ನೂ ಬರೆದರು, 'ಮರಳಿ ಮಣ್ಣಿಗೆ'ಯನ್ನೂ ಬರೆದರು. ಮೊದಲನೆಯದು ಮಕ್ಕಳ ವಿಶ್ವಕೋಶ. ಅದರ ಉದ್ದೇಶ ತಿಳಿವಳಿಕೆ ನೀಡುವುದು. ಓದುಗರು ಯಾರೆಂಬುದು ಹೆಸರಿನಲ್ಲೇ ಇದೆ. ಎರಡನೆಯದು ನಮ್ಮ ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಬದುಕನ್ನು ಹೇಳುವ ಕಾದಂಬರಿ. ಅದರ ಸಂದೇಶವನ್ನು ನಾವೇ ಕಂಡುಕೊಳ್ಳಬೇಕು.

'ಪೇಟೆ ಕೆಡುಕು, ಹಳ್ಳಿ ಒಳಿತು' ಎಂದು ಒಂದೇ ಮಾತಿನಲ್ಲಿ ಮುಗಿಸುವವರುಂಟು. ಇಂಗ್ಲಿಷ್ ಓದಲು ಹೋದ ಲಚ್ಚ ಹಾಳಾದ, ಅವನ ಮಗ ರಾಮ ಊರಿಗೆ ಮರಳಿದ, ಲೆಕ್ಕ ಸರಿಯಾಯಿತಲ್ಲ! ಆದರೆ ಆ ರಾಮನೂ ಮದರಾಸಿಗೆ ಹೋಗಿ ಕಲಿತವನೇ. ಮನೆಗಾಗಿ ಜೀವ ತೇಯ್ದ ಪಾರೋತಿ, ಸರಸೋತಿ, ನಾಗವೇಣಿಯರಿಗೋ ಆ ಉತ್ತರದಲ್ಲಿ ಜಾಗವೇ ಇಲ್ಲ. ಬೈಂದೂರಿನ ಕಡೆಯ ಎಷ್ಟೋ ಮಕ್ಕಳ ತಂದೆಯಂದಿರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಮನೆಗೆ ಹಣ ಕಳಿಸುತ್ತಾರೆ. ಆ ಮಗು ತರಗತಿಯಲ್ಲಿ ಕುಳಿತು 'ಪೇಟೆಗೆ ಹೋದವರು ಕೆಡುತ್ತಾರೆ' ಎಂದು ಬರೆಯಬೇಕೆ? ಬರೆದ ಮೇಲೆ ತನ್ನ ಅಪ್ಪನ ಬಗ್ಗೆ ಏನೆಂದುಕೊಂಡೀತು?

ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ 'ಅಕ್ಕು' ಇನ್ನೊಂದು ಬಗೆ. ಸುತ್ತಲಿನವರು ಹುಚ್ಚಿ ಎನ್ನುವ ಹೆಣ್ಣಿನ ಕತೆಯದು. ಓದಿ ಮುಗಿಸಿದಾಗ ಕೈಗೆ ಸಿಗುವುದು ನೀತಿಯಲ್ಲ, ನಿಜಕ್ಕೂ ಹುಚ್ಚು ಯಾರಿಗೆ ಎಂಬ ಅನುಮಾನ. ವೈದೇಹಿಯವರ ಪಾತ್ರಗಳ ಬಾಯಲ್ಲಿ ಕುಂದಗನ್ನಡ ಕೇಳಿಸುತ್ತದೆ. ನಮ್ಮೂರ ಅಜ್ಜಿಯರಿಗೆ ಅದು ಮನೆಮಾತು; ಮೈಸೂರು, ಧಾರವಾಡದ ಓದುಗರು ಅಲ್ಲಲ್ಲಿ ತಡೆದು ಓದಬೇಕು. ಆದರೂ ಲೇಖಕಿ ಆ ಮಾತನ್ನು ಬಿಟ್ಟುಕೊಡಲಿಲ್ಲ. ಹೊರಗಿನವರನ್ನು ದೂರ ಇಡುವುದಕ್ಕಲ್ಲ, ಅಡುಗೆಮನೆಯ ತನಕ ಕರೆದೊಯ್ಯುವುದಕ್ಕೆ ಎಂದು ನಾನು ತಿಳಿದಿದ್ದೇನೆ. ಯಾರಿಗಾಗಿ ಬರೆದದ್ದು ಎಂಬುದಕ್ಕೆ ಭಾಷೆಯೂ ಸಾಕ್ಷಿ ಹೇಳುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳು ಕತೆ ಓದಿದಾಗ ನೀತಿಯನ್ನು ಕೇಳುವ ಮೊದಲು 'ಇದನ್ನು ಯಾರಿಗೆ ಹೇಳಿದ್ದಾರೆ, ಯಾಕೆ ಹೇಳಿರಬಹುದು?' ಎಂದು ಕೇಳಿ. ಉತ್ತರ ಗೈಡಿನಂತಿರಬೇಕಾಗಿಲ್ಲ, ನಿಮ್ಮದರಂತೆಯೂ ಇರಬೇಕಾಗಿಲ್ಲ. ಕತೆಯ ಯಾವ ಸಾಲಿನಿಂದ ಹಾಗೆನಿಸಿತು ಎಂದು ಮಗು ತೋರಿಸಿದರೆ ಸಾಕು.