ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ಹೊತ್ತು?

"ಪ್ಯಾರಿಸ್ ಇಲ್ಲಿಂದ ಎಷ್ಟು ದೂರಾನೋ?" ಅಂತ ಅಮ್ಮ ಕೇಳಿದಾಗ ಮೊಬೈಲ್ ನೋಡಿ ಹೇಳಿದ್ದೆ: "ನೇರವಾಗಿ ಅಳೆದರೆ 344 ಕಿಲೋಮೀಟರ್ ಅಮ್ಮ. ವಿಮಾನದಲ್ಲಿ ಒಂದೂ ಕಾಲು ಗಂಟೆ ಅಷ್ಟೇ." ಬೆಂಗಳೂರು–ಹುಬ್ಬಳ್ಳಿಗಿಂತಲೂ ಹತ್ತಿರ!

ನಾನು ಕೆಲಸಕ್ಕೆಂದು ಲಂಡನ್ನಿಗೆ ಬಂದು ಮೂರು ವರ್ಷ. ಅಮ್ಮ ದಾವಣಗೆರೆಯಿಂದ ಮೊದಲ ಸಲ ಬಂದಿದ್ದಳು. ಮಂಡಿನೋವಿದ್ದರೂ ಐಫೆಲ್ ಟವರ್ ಹತ್ತಬೇಕೆಂಬ ಆಸೆ. ಫ್ರಾನ್ಸಿಗೆ ಬೇರೆಯೇ ವೀಸಾ ಬೇಕಲ್ಲ, ಅದನ್ನೂ ಊರಲ್ಲೇ ಮಾಡಿಸಿದ್ದಾಯ್ತು. ಟವರ್‌ಗೆ ಮಧ್ಯಾಹ್ನ 2 ಗಂಟೆಯ ಟಿಕೆಟ್ ತೆಗೆದೆ.

ವಿಮಾನದ ಟಿಕೆಟ್ ನೋಡಿ ಅಮ್ಮನಿಗೆ ಅನುಮಾನ. "9.40ಕ್ಕೆ ಹೊರಟು 11.55ಕ್ಕೆ ತಲುಪುತ್ತೆ ಅಂದ್ರೆ ಎರಡೂ ಕಾಲು ಗಂಟೆ ಆಗಲ್ವೇನೋ?" ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ ಅಂತ ವಿವರಿಸಿ ಜಾಣತನ ಮೆರೆದೆ.

ಆದರೆ ನನ್ನ ಲೆಕ್ಕವೇ ತಪ್ಪಿತ್ತು. ಈಸ್ಟ್ ಹ್ಯಾಮಿನ ನಮ್ಮ ಮನೆ ಬಿಟ್ಟಿದ್ದು ಬೆಳಗ್ಗೆ 5.30ಕ್ಕೆ. ಹೀಥ್ರೂ ತಲುಪೋಕೇ ಒಂದೂವರೆ ಗಂಟೆ. ಅಲ್ಲಿ ತಪಾಸಣೆಯ ಸಾಲು, ಪ್ಯಾರಿಸ್‌ನಲ್ಲಿ ಪಾಸ್‌ಪೋರ್ಟ್ ಸಾಲು. ಚಾರ್ಲ್ಸ್ ಡಿ ಗಾಲ್ ನಿಲ್ದಾಣವೋ ಊರಿಂದ 25 ಕಿಲೋಮೀಟರ್ ಆಚೆ. ರೈಲು ಹಿಡಿದು, ಮೆಟ್ಟಿಲು ಹತ್ತಿಳಿದು, ಗಾರ್ ದು ನಾರ್ ಹತ್ತಿರದ ಹೋಟೆಲ್ ಸೇರಿದಾಗ ಅಲ್ಲಿಯ ಸಮಯ 2.15. ಒಂದೂ ಕಾಲು ಗಂಟೆಯ ಪ್ರಯಾಣಕ್ಕೆ ಏಳೂಮುಕ್ಕಾಲು ಗಂಟೆ! ಟವರ್ ಟಿಕೆಟ್ ಕೈತಪ್ಪಿತು. ಅಮ್ಮನ ಮಂಡಿ ಊದಿತ್ತು. ಮಾರನೇ ದಿನ ತ್ರೋಕಾದೆರೊದಲ್ಲಿ ಕೂತು ದೂರದಿಂದಲೇ ಟವರ್ ನೋಡಿದೆವು. "ಇಲ್ಲಿಂದ್ಲೇ ಪೂರ್ತಿ ಕಾಣುತ್ತೆ ಬಿಡೋ" ಅಂದಳು. ಅದು ನನ್ನ ಸಮಾಧಾನಕ್ಕೆ ಅಂತ ನನಗೆ ಗೊತ್ತಿತ್ತು.

ಆಫೀಸಿನಲ್ಲಿ ಪ್ರೋಗ್ರಾಂ ಎಷ್ಟು ಬೇಗ ಓಡುತ್ತೆ ಅನ್ನೋದಲ್ಲ, ಅದನ್ನು ಬಳಸುವವರು ಎಷ್ಟು ಹೊತ್ತು ಕಾಯ್ತಾರೆ ಅನ್ನೋದು ಮುಖ್ಯ ಅಂತ ಎಲ್ಲರಿಗೂ ಹೇಳೋನು ನಾನೇ. ಮನೆಯವಳ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ.

ವಾಪಸ್ ಬರುವಾಗ ವಿಮಾನದ ಟಿಕೆಟ್ ಹೋದರೆ ಹೋಗಲಿ ಅಂತ ಯೂರೋಸ್ಟಾರ್ ರೈಲು ಹತ್ತಿದೆವು. ದರ ಜಾಸ್ತಿಯೇ ಆಯ್ತು. ಹೋಟೆಲಿನಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಎರಡೂ ದೇಶದ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಮುಗಿಯುತ್ತೆ, ಲಂಡನ್‌ನಲ್ಲಿ ಮತ್ತೆ ಸಾಲಿಲ್ಲ. ಸಮುದ್ರದಡಿಯ ಸುರಂಗ 1994ರಲ್ಲಿ ತೆರೆದದ್ದು, ಉದ್ದ ಸುಮಾರು 50 ಕಿಲೋಮೀಟರ್. ಅದನ್ನು ದಾಟೋಕೆ ಇಪ್ಪತ್ತು ನಿಮಿಷ ಸಾಕು. ಅಮ್ಮ ಕಾಲು ಚಾಚಿ ನಿದ್ದೆ ಹೋಗಿದ್ದಳು. ರೈಲಿನಲ್ಲಿ ಕೂತಿದ್ದು ಎರಡೂವರೆ ಗಂಟೆ, ಬಾಗಿಲಿಂದ ಬಾಗಿಲಿಗೆ ಐದೂ ಕಾಲು.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಡುವವರು ಟಿಕೆಟ್ ಮೇಲಿನ ಸಮಯ ನಂಬಬೇಡಿ, ಮನೆ ಬಾಗಿಲಿಂದ ಲೆಕ್ಕ ಹಾಕಿ. ಮನೆಗೆ ಬಂದು ಕಾಫಿ ಕುಡಿಯುತ್ತಾ ಅಮ್ಮ ಅಂದದ್ದು ಇಷ್ಟೇ: "ಮುಂದಿನ ಸಲ ವಿಮಾನ ಎಷ್ಟು ಹೊತ್ತು ಹಾರುತ್ತೆ ಅಂತ ನೋಡಬೇಡ ಕಣೋ. ನಾನು ಎಷ್ಟು ಹೊತ್ತು ನಿಲ್ಲಬೇಕು ಅಂತ ನೋಡು."