ತಂತಿಯ ಪಾಠದೋಷ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರ ಮನೆಯಿದೆ. ಮೂವತ್ತು ವರ್ಷಗಳ ಕಾಲ ಓಲೆಗರಿಗಳನ್ನು ಓದಿ, ಪಾಠಾಂತರಗಳನ್ನು ಗುರುತಿಸಿ, ಹಳಗನ್ನಡ ಕೃತಿಗಳನ್ನು ಸಂಪಾದಿಸಿದವರು ಅವರು. ಅವರ ಓದುವ ಕೋಣೆ ಮಹಡಿಯ ಮೇಲಿದೆ. ಅಂತರ್ಜಾಲದ ರೂಟರ್ ಇರುವುದು ಕೆಳಗಿನ ಹಜಾರದಲ್ಲಿ. ಗೋಡೆಗಳು ದಪ್ಪವಾದ್ದರಿಂದ ವೈಫೈ ಮೇಲಕ್ಕೆ ನೆಟ್ಟಗೆ ತಲುಪುವುದಿಲ್ಲ. 2020ರಲ್ಲಿ ಪಾಠಪ್ರವಚನಗಳೆಲ್ಲ ಮನೆಯಿಂದಲೇ ನಡೆಯಬೇಕಾಗಿ ಬಂದಾಗ ಅವರು ಉದ್ದನೆಯ ಕೇಬಲ್ ಒಂದನ್ನು ತರಿಸಿ, ಹೊರಗೋಡೆಯ ಮೇಲೆ ಎಳೆದು, ಕೋಣೆಯ ಕಿಟಕಿಯ ಮೂಲಕ ಒಳಕ್ಕೆ ತಂದು ಮೇಜಿನ ಮೇಲಿನ ಕಂಪ್ಯೂಟರಿಗೆ ಜೋಡಿಸಿದರು. ಅದನ್ನು ಎಳೆದವರು ಅವರೇ ಎಂಬುದು ಈ ಪ್ರಸಂಗದಲ್ಲಿ ಮುಖ್ಯವಾದ ಸಂಗತಿ.

ಆಷಾಢದ ಒಂದು ಮಧ್ಯಾಹ್ನ, ದೂರದ ವಿಶ್ವವಿದ್ಯಾಲಯವೊಂದರ ಸಂಶೋಧನ ವಿದ್ಯಾರ್ಥಿನಿಯ ಮುಕ್ತ ಮೌಖಿಕ ಪರೀಕ್ಷೆಗೆ ಅವರು ಬಾಹ್ಯ ಪರೀಕ್ಷಕರಾಗಿ ಕುಳಿತಿದ್ದರು. ಮಳೆ ಹನಿಯತೊಡಗಿತು. ಎರಚಲು ಪುಸ್ತಕಗಳ ಮೇಲೆ ಬೀಳದಿರಲೆಂದು ಎದ್ದು ಕಿಟಕಿ ಮುಚ್ಚಿ ಬಂದು ಕುಳಿತರು. ಅವರು ಕೇಳಿದ್ದ ಕಠಿಣ ಪ್ರಶ್ನೆಯೊಂದಕ್ಕೆ ವಿದ್ಯಾರ್ಥಿನಿ ಉತ್ತರಿಸುತ್ತ “ಆದ್ದರಿಂದ” ಎಂಬ ಮಾತಿಗೆ ಬಂದಾಗ ಪರದೆ ನಿಶ್ಚಲವಾಯಿತು. ಅರ್ಧ ಗಂಟೆಯಲ್ಲಿ ಆರು ಬಾರಿ ಸಂಪರ್ಕ ಬಂದು ಹೋಯಿತು. ಪರೀಕ್ಷಕರು ಪೂರ್ಣಾವಧಿ ಹಾಜರಿರಬೇಕೆಂಬ ಕಾರಣದಿಂದ ಪರೀಕ್ಷೆಯನ್ನು ಹತ್ತು ದಿನ ಮುಂದಕ್ಕೆ ಹಾಕಲಾಯಿತು. ಐದು ವರ್ಷಗಳ ದುಡಿಮೆಯ ಕೊನೆಯ ವಾಕ್ಯ ಒಂದು ಅವ್ಯಯದಲ್ಲಿ ತೂಗಾಡುತ್ತ ಉಳಿಯಿತು.

ಮಳೆ ಬಂದಾಗಲೆಲ್ಲ ಸಂಪರ್ಕ ಹೋಗುತ್ತಿದೆಯೆಂಬುದನ್ನು ಪ್ರಾಧ್ಯಾಪಕರು ಒಂದು ತಿಂಗಳಿಂದ ಗಮನಿಸಿದ್ದರು. ಮಳೆ ಹೊರಗೆ ಬರುತ್ತದೆ. ಆದ್ದರಿಂದ ದೋಷವೂ ಹೊರಗೇ ಇದೆ. ಈ ತರ್ಕ ಅವರಿಗೆ ಪ್ರಶ್ನಾತೀತವಾಗಿ ಕಂಡಿತು. ಸೇವೆ ಒದಗಿಸುವ ಸಂಸ್ಥೆಯ ಹುಡುಗ ಎರಡು ಬಾರಿ ಬಂದು, ಕಂಬ ಹತ್ತಿ, ಬೆಳಕಿನ ಶಕ್ತಿಯನ್ನು ಅಳೆಯುವ ಪುಟ್ಟ ಉಪಕರಣವನ್ನು ಹಚ್ಚಿ ನೋಡಿ, “ಲೈನ್ ಸರಿಯಾಗೇ ಇದೆ ಸರ್” ಎಂದಿದ್ದ. “ನೋಡಪ್ಪಾ, ಸರಿಯಾಗಿದ್ದರೆ ನಿನ್ನನ್ನು ಯಾಕೆ ಕರೆಸುತ್ತಿದ್ದೆ?” ಎಂದು ಇವರು ಗದರಿಸಿದ್ದರು. ಪರೀಕ್ಷೆ ನಿಂತುಹೋದ ದಿನ ಸಂಸ್ಥೆಗೆ ಲಿಖಿತ ದೂರನ್ನೇ ಕಳುಹಿಸಿದರು. ಅದರಲ್ಲಿ ‘ಕರ್ತವ್ಯಲೋಪ’ ಎಂಬ ಪದವಿತ್ತು.

ಮುಂದಿನ ಎರಡು ದಿನ ಅವರು ತೋಚಿದ್ದನ್ನೆಲ್ಲ ಮಾಡಿದರು. ರೂಟರನ್ನು ಆರಿಸಿ ಹಚ್ಚಿದರು. ಕಂಪ್ಯೂಟರನ್ನು ಮರುಚಾಲನೆ ಮಾಡಿದರು. ಚಾಲಕ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದರು. ಮೇಜಿನ ಹಿಂದೆ ಬೆಳಕು ಸಾಲದೆಂದು ಕಿಟಕಿ ತೆರೆದು, ಬಗ್ಗಿ, ಪಿನ್ನನ್ನು ಕಿತ್ತು ಮತ್ತೆ ಚುಚ್ಚಿದರು. ಸಂಪರ್ಕ ಬಂದಿತು. ಯಾವುದರಿಂದ ಬಂದಿತೆಂದು ಹೇಳುವಂತಿರಲಿಲ್ಲ. ಸಂಜೆ ಮತ್ತೆ ಹೋಯಿತು.

ಆ ರಾತ್ರಿ ಕಪಾಟಿನಲ್ಲಿದ್ದ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಅವರ ಕಣ್ಣಿಗೆ ಬಿದ್ದಿತು. ಪ್ರತಿಗಳನ್ನು ಹೋಲಿಸುವ ಮೊದಲೇ ಪಾಠವನ್ನು ತಿದ್ದಹೊರಟ ವಿದ್ಯಾರ್ಥಿಗಳನ್ನು ಅವರು ತರಗತಿಯಲ್ಲಿ ಎಷ್ಟೋ ಬಾರಿ ತಡೆದಿದ್ದರು. ಪಾಠ ಎಲ್ಲಿ ಕೆಟ್ಟಿತು? ಮೂಲ ಮಾತೃಕೆಯಲ್ಲೋ, ನಡುವಿನ ಪ್ರತಿಯಲ್ಲೋ, ಕೊನೆಯ ಲಿಪಿಕಾರನ ಕೈಯಲ್ಲೋ? ಅದು ತಿಳಿಯದೆ ಮಾಡುವ ತಿದ್ದುಪಡಿ ಹೊಸ ದೋಷವನ್ನಷ್ಟೇ ಸೇರಿಸುತ್ತದೆ. ಇಲ್ಲಿಯೂ ಹೊರಗಿನ ಲೈನು, ರೂಟರು, ಕೇಬಲ್ಲು, ಕಂಪ್ಯೂಟರು ಎಂಬ ನಾಲ್ಕು ಕೈಗಳ ಮೂಲಕ ಪಾಠ ಸಾಗಿಬರುತ್ತಿತ್ತು. ಅವರು ನಾಲ್ಕನ್ನೂ ಒಮ್ಮೆಗೇ ತಿದ್ದಲು ಹೊರಟಿದ್ದರು.

ಮರುದಿನ ಬೆಳಗ್ಗೆ ಕಾಗದವೊಂದರ ಮೇಲೆ ಈ ವಂಶವೃಕ್ಷವನ್ನು ಬರೆದುಕೊಂಡು ಪರೀಕ್ಷೆಗೆ ತೊಡಗಿದರು. ಆದೇಶ ಬರೆಯುವ ಕಪ್ಪು ಕಿಟಕಿಯಲ್ಲಿ ‘ಪಿಂಗ್’ ಎಂಬ ಪುಟ್ಟ ಸಾಧನವಿದೆ. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ ಬರೆದದ್ದು. ನೀರಿನೊಳಗೆ ಸದ್ದು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಸೋನಾರ್ ಯಂತ್ರದ ದನಿಯೇ ಅದರ ಹೆಸರು. ಅದು ಒಂದು ವಿಳಾಸವನ್ನು ಕೂಗುತ್ತದೆ. ಅತ್ತಲಿಂದ ‘ಓ’ಗೊಟ್ಟರೆ ಒಂದು ಸಾಲು ಬರೆಯುತ್ತದೆ. 127.0.0.1 ಎಂದರೆ ಕಂಪ್ಯೂಟರ್ ತನ್ನನ್ನೇ ಕೂಗಿಕೊಂಡಂತೆ. ಉತ್ತರ ತಪ್ಪಲಿಲ್ಲ. ಬಳಿಕ ತಮ್ಮ ರೂಟರಿನ ವಿಳಾಸವಾದ 192.168.1.1 ಅನ್ನು ನಿಲ್ಲದೆ ಕೂಗುವಂತೆ ಹಚ್ಚಿಟ್ಟರು. ಮಧ್ಯಾಹ್ನದ ಮಳೆಗೆ ಕಿಟಕಿ ಮುಚ್ಚಿ ಕುಳಿತಾಗ ಆ ಸಾಲುಗಳೂ ನಿಂತವು. ಕಂಪ್ಯೂಟರಿನ ಹಿಂಬದಿಯಲ್ಲಿ, ಪಿನ್ ಸೇರುವ ಕಿಂಡಿಯ ಪಕ್ಕದ ಎರಡು ಪುಟ್ಟ ದೀಪಗಳೂ ಆರಿದ್ದವು.

ಅವರಿಗೆ ಮೈ ಬಿಸಿಯಾಯಿತು. ಹೊರಗಿನ ಲೈನು ಕಡಿದಿದ್ದರೆ ಜಗತ್ತಿನ ಸಂಪರ್ಕ ಹೋಗಬೇಕು. ಕೆಳಗಿನ ಹಜಾರದ ರೂಟರು ಮಾತ್ರ ಉತ್ತರ ಕೊಡುತ್ತಲೇ ಇರಬೇಕು. ದೀಪಗಳಂತೂ ಕೇಬಲ್ಲಿನ ಆಚೆ ತುದಿಯಲ್ಲಿ ಜೀವವಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುವಂಥವು. ದೋಷ ಮನೆಯೊಳಗೇ ಇದೆ. ಆ ಹುಡುಗ ಹೇಳಿದ್ದು ನಿಜ.

ಕಾಫಿ ತಂದ ಅವರ ಪತ್ನಿ ಎಲ್ಲವನ್ನೂ ಕೇಳಿ, “ಅಲ್ಲಾ ರೀ, ಆ ಕಂಪ್ಯೂಟರನ್ನೇ ಕೆಳಗೆ ತಂದು ರೂಟರಿನ ಪಕ್ಕ ಇಟ್ಟುಕೊಳ್ಳಬಾರದೇ?” ಎಂದರು. ಅದು ಸಮಸ್ಯೆಯಿಂದ ಜಾರಿಕೊಳ್ಳುವ ಉಪಾಯವೆಂದು ಅವರಿಗೆ ಮೊದಲು ಅನಿಸಿತು. ಮರುಕ್ಷಣ ಅದೇ ನಿಜವಾದ ಪರೀಕ್ಷೆಯೆಂದು ಹೊಳೆಯಿತು. ಇಬ್ಬರೂ ಸೇರಿ ಯಂತ್ರವನ್ನು ಕೆಳಗಿಳಿಸಿದರು. ರೂಟರಿನ ಅದೇ ಕಿಂಡಿಗೆ ಒಂದು ಗಿಡ್ಡ ಕೇಬಲ್ ಜೋಡಿಸಿದರು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಳೆ ಸುರಿಯಿತು. ಒಂದು ಸಾಲೂ ತಪ್ಪಲಿಲ್ಲ. ಯಂತ್ರ ಅದೇ, ರೂಟರು ಅದೇ, ಮಳೆಯೂ ಅದೇ. ಬದಲಾದದ್ದು ಕೇಬಲ್ ಮಾತ್ರ.

ಉಳಿದದ್ದು ಸ್ಥಾನನಿರ್ದೇಶ. ಇಂಥ ಕೇಬಲ್ಲಿನೊಳಗೆ ಎಂಟು ತಾಮ್ರದ ಎಳೆಗಳಿರುತ್ತವೆ. ಎರಡೆರಡು ಎಳೆಗಳನ್ನು ಹುರಿಗೊಳಿಸಿದ ನಾಲ್ಕು ಜೋಡಿಗಳು. ಹುರಿಯುವುದು ಅಲಂಕಾರಕ್ಕಲ್ಲ; ಹೊರಗಿನ ವಿದ್ಯುತ್ತಿನ ಕ್ಷೋಭೆ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ಪರಸ್ಪರ ರದ್ದಾಗಲೆಂದು. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕು ಜೋಡಿಗಳೂ ಬೇಕು. 100ಕ್ಕೆ ಎರಡು ಸಾಕು. ಅನೇಕ ಯಂತ್ರಗಳು ಒಂದು ಜೋಡಿ ಕೈಕೊಟ್ಟರೆ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಅಕ್ಷರವೊಂದು ನಷ್ಟವಾದರೂ ಅರ್ಥ ಕೂಡಿಸಿಕೊಂಡು ಓದುವ ಓದುಗನಂತೆ.

ಯಂತ್ರವನ್ನು ಮತ್ತೆ ಮೇಲೆ ಒಯ್ದು ಉದ್ದನೆಯ ಕೇಬಲ್ಲಿಗೆ ಜೋಡಿಸಿ, ವೇಗ ತೋರಿಸುವ ಫಲಕವನ್ನು ತೆರೆದಿಟ್ಟು, ಕೇಬಲ್ಲಿನ ಉದ್ದಕ್ಕೂ ಬೆರಳಾಡಿಸುತ್ತ ಹೋದರು. ಕಿಟಕಿಯ ಚೌಕಟ್ಟಿನ ಬಳಿ ಬೆರಳು ನಿಂತಿತು. ಅಲ್ಲಿ ಕೇಬಲ್ ಚಪ್ಪಟೆಯಾಗಿತ್ತು. ಮೇಲಿನ ಹೊದಿಕೆಯ ಮೇಲೆ ಉಗುರು ಒತ್ತಿದಂಥ ಗೆರೆ. ಕಿಟಕಿ ತೆರೆದಾಗ ಫಲಕದಲ್ಲಿ 1000. ಮೆಲ್ಲಗೆ ಮುಚ್ಚಿದರೆ 100. ಚಿಲಕ ಹಾಕಿದರೆ ದೀಪಗಳು ಆರುತ್ತಿದ್ದವು. ಮೂರು ಬಾರಿ ಮಾಡಿ ನೋಡಿದರು. ಮಳೆಗೂ ಸಂಪರ್ಕಕ್ಕೂ ಸಂಬಂಧವಿದ್ದದ್ದು ನಿಜ. ಆದರೆ ನಡುವೆ ಕಿಟಕಿಯೊಂದಿತ್ತು, ಕಿಟಕಿಯನ್ನು ಮುಚ್ಚುವ ಕೈಯೊಂದಿತ್ತು. ಆ ಕೈ ಅವರದೇ. ಐದಾರು ಮಳೆಗಾಲಗಳ ಒತ್ತಡಕ್ಕೆ ಒಳಗಿನ ಎಳೆಗಳು ಬಿರುಕುಬಿಟ್ಟು, ಒತ್ತಿದಾಗ ಬೇರೆಯಾಗಿ ಬಿಟ್ಟಾಗ ಕೂಡುತ್ತಿದ್ದವು.

ಹೊಸ ಕೇಬಲ್ಲಿಗೆ ಎಲೆಕ್ಟ್ರಿಷಿಯನ್ ವೆಂಟಿಲೇಟರಿನ ಪಕ್ಕದಲ್ಲಿ ತೂತು ಕೊರೆದು ಕೊಳವೆ ಕೂರಿಸಿದ. ಅದು ಒಂದು ಗಂಟೆಯ ಕೆಲಸ. ಅದಕ್ಕಿಂತ ಕಷ್ಟವಾದದ್ದು ಪತ್ರ ಬರೆಯುವುದು. ದೂರನ್ನು ಹಿಂತೆಗೆದುಕೊಳ್ಳುತ್ತ, ದೋಷ ತಮ್ಮ ಮನೆಯ ಕಿಟಕಿಯಲ್ಲಿತ್ತೆಂದೂ ನೌಕರ ಮೊದಲ ದಿನವೇ ಸರಿಯಾದುದನ್ನು ಹೇಳಿದ್ದನೆಂದೂ ಅವರು ಸಂಸ್ಥೆಗೆ ಬರೆದರು. ಬಳಿಕ ಆ ಹುಡುಗನಿಗೆ ದೂರವಾಣಿ ಮಾಡಿದರು. “ತಪ್ಪು ನನ್ನದಪ್ಪಾ” ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮೌನ. “ಪರವಾಗಿಲ್ಲ ಸರ್. ಆಫೀಸಲ್ಲಿ ಕೇಳ್ತಿದ್ರು, ಈಗ ಹೇಳ್ತೀನಿ” ಎಂದ ಅವನು. ಕೇಳುತ್ತಿದ್ದರು ಎಂಬ ಆ ಒಂದು ಮಾತಿನಿಂದ, ತಾವು ಬರೆದ ಪದ ಅವನಿಗೆ ಎಂಥ ದಿನಗಳನ್ನು ತಂದಿತ್ತೆಂಬುದು ಅವರಿಗೆ ಅರ್ಥವಾಯಿತು.

ನಿಗದಿಯಾದ ದಿನ ಬೆಳಗಿನಿಂದಲೇ ಮಳೆ ಹಿಡಿದಿತ್ತು. ಪ್ರಾಧ್ಯಾಪಕರು ಕಿಟಕಿ ಮುಚ್ಚಿ, ಚಿಲಕ ಹಾಕಿ, ದೀಪಗಳತ್ತ ಒಮ್ಮೆ ನೋಡಿ ಕುಳಿತರು. “ನೀವು ‘ಆದ್ದರಿಂದ’ ಎಂಬಲ್ಲಿ ನಿಂತಿದ್ದಿರಿ, ಅಲ್ಲಿಂದಲೇ ಹೇಳಿ” ಎಂದರು. ವಿದ್ಯಾರ್ಥಿನಿ ನಕ್ಕು, ನಿಂತಲ್ಲಿಂದಲೇ ಮುಂದುವರಿಸಿದಳು. ತನ್ನ ಆಧಾರಗಳು ಅಲ್ಲಿಯವರೆಗೆ ಮಾತ್ರ ಒಯ್ಯುತ್ತವೆ, ಆದ್ದರಿಂದ ಪ್ರಬಂಧದ ಕೊನೆಯ ಅಧ್ಯಾಯದ ಒಂದು ತೀರ್ಮಾನವನ್ನು ಸಡಿಲಿಸಬೇಕಾಗುತ್ತದೆ ಎಂದಳು. ಹತ್ತು ದಿನಗಳ ಹಿಂದಾಗಿದ್ದರೆ ಪ್ರಾಧ್ಯಾಪಕರು ಅದನ್ನು ಪ್ರಬಂಧದ ದೌರ್ಬಲ್ಯವೆಂದು ಗುರುತು ಹಾಕಿಕೊಳ್ಳುತ್ತಿದ್ದರೇನೋ. ಅಂದು ಅವರು ತಮ್ಮ ವರದಿಯಲ್ಲಿ ಅದನ್ನೇ ಮೊದಲ ಗುಣವೆಂದು ಬರೆದರು.