ಸರೋವರದ ದಡದಲ್ಲಿ ಒಂದು ತಿಥಿ

ಬಂಡಿಯಲ್ಲಿಯೇ ಸಂಸಾರ ಹೂಡಿಕೊಂಡು ಊರೂರು ತಿರುಗುವುದು ನಮ್ಮ ದೇಶಕ್ಕೆ ಹೊಸತಲ್ಲ. ಜಾತ್ರೆಗೆ ಹೊರಟ ಮನೆಮಂದಿ ಕಮಾನುಬಂಡಿಯೊಳಗೆ ಹುಲ್ಲು ಹಾಸಿ, ಕೆಳಗೆ ಲಾಟೀನು ಕಟ್ಟಿ, ಹೊಳೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಿದ್ದುದನ್ನು ಕಂಡವರು ಈಗಲೂ ಇದ್ದಾರೆ. ಆದರೆ ಅಮೆರಿಕಾ ದೇಶದಲ್ಲಿ ಈ ಬಗೆಯ ಸಂಚಾರಕ್ಕೆಂದು ಬಾಡಿಗೆಗೆ ದೊರೆಯುವ, ಅಲ್ಲಿಯವರು ಆರ್.ವಿ. ಎಂದು ಕರೆಯುವ ಮೋಟಾರುಬಂಡಿಯಲ್ಲಿ ಒಲೆ, ಹಾಸಿಗೆ, ಸ್ನಾನದ ಕೋಣೆ, ಕಡೆಗೆ ಶೌಚಗೃಹ ಕೂಡ ಒಂದೇ ಸೂರಿನ ಕೆಳಗೆ, ಇಪ್ಪತ್ತೈದು ಅಡಿಯ ಉದ್ದದೊಳಗೆ ಅಡಗಿರುವುವು. ತೀರ್ಥಹಳ್ಳಿಯ ಕಡೆಯ ಭಟ್ಟರೊಬ್ಬರು, ಅವರ ಪತ್ನಿ, ಡೆಟ್ರಾಯಿಟ್ ನಗರದ ಬಳಿ ಎಂಜಿನಿಯರಾಗಿರುವ ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು, ಹೀಗೆ ಐವರು 2024ನೆಯ ಇಸವಿ ಜೂನ್ ತಿಂಗಳ ಕಡೆಯ ವಾರದಲ್ಲಿ ಇಂತಹ ಬಂಡಿಯೊಂದರಲ್ಲಿ ಸುಪೀರಿಯರ್ ಎಂಬ ಮಹಾಸರೋವರದ ದಕ್ಷಿಣ ತೀರವನ್ನು ನೋಡಲು ಹೊರಟರು.

ಹೊರಡುವ ಮುನ್ನ ಭಟ್ಟರ ಪತ್ನಿಯವರು ಬಂಡಿಯೊಳಗೆ ಒಂದು ಸುತ್ತು ಬಂದು, ಒಲೆಗೂ ಶೌಚಗೃಹದ ಬಾಗಿಲಿಗೂ ನಡುವಣ ಅಂತರವನ್ನು ಮೊಳ ಹಾಕಿ ನೋಡಿದರು. ಎರಡು ಮೊಳಕ್ಕೆ ಸ್ವಲ್ಪ ಹೆಚ್ಚು. ಅವರು ಏನನ್ನೂ ಅನ್ನಲಿಲ್ಲ. ಮಡಿಹೆಂಗಸು ಏನನ್ನೂ ಅನ್ನದೆ ಇರುವುದು ಅಂದಾಗಿನದಕ್ಕಿಂತ ಭಾರ ಎಂಬುದನ್ನು ಬಲ್ಲ ಸೊಸೆ ಮಾತ್ರ, ಮಡಚುವ ಒಲೆಯೊಂದನ್ನೂ ಹೊಸ ಪಾತ್ರೆಗಳನ್ನೂ ಬೇರೆಯಾಗಿ ಕಟ್ಟಿಟ್ಟುಕೊಂಡಳು. ದಾರಿಯುದ್ದಕ್ಕೂ ಹಿರಿಯರ ಅಡಿಗೆ ಮರದ ಕೆಳಗಣ ಬೆಂಚಿನ ಮೇಲೆ ನಡೆಯಿತು. ಆ ಸೀಮೆಯ ಸೊಳ್ಳೆಗಳ ಹಾವಳಿ ತಿಳಿದವರಿಗೆ ಅತ್ತೆ ಸೊಸೆಯರ ಈ ಒಡಂಬಡಿಕೆಯ ಬೆಲೆ ತಿಳಿದೀತು.

ಡೆಟ್ರಾಯಿಟ್ಟಿನಿಂದ ಉತ್ತರಕ್ಕೆ ಸುಮಾರು 460 ಕಿಲೋಮೀಟರು ಹೋದರೆ ಮ್ಯಾಕಿನಾ ಜಲಸಂಧಿ. ಮಿಷಿಗನ್, ಹ್ಯೂರನ್ ಎಂಬ ಎರಡು ಸರೋವರಗಳು ಅಲ್ಲಿ ಕೈಹಿಡಿದುಕೊಳ್ಳುತ್ತವೆ. ಅದರ ಮೇಲೆ 1957ರಲ್ಲಿ ಸಂಚಾರಕ್ಕೆ ತೆರೆದ, ಎಂಟು ಕಿಲೋಮೀಟರು ಉದ್ದದ ತೂಗುಸೇತುವೆಯುಂಟು. ಅದನ್ನು ದಾಟಿ ಸೇಂಟ್ ಇಗ್ನೇಸ್ ಎಂಬ ಸಣ್ಣ ಊರಿನಲ್ಲಿ ಶನಿವಾರ ರಾತ್ರಿ ಬಂಡಿಯನ್ನು ನಿಲ್ಲಿಸಿದರು. ಇಂತಹ ತಂಗುದಾಣಗಳಲ್ಲಿ ಬಂಡಿಗೆ ವಿದ್ಯುತ್ತಿನ ತಂತಿಯನ್ನೂ ಕುಡಿಯುವ ನೀರಿನ ಕೊಳವೆಯನ್ನೂ ಜೋಡಿಸುವ ಏರ್ಪಾಡಿರುತ್ತದೆ. ಬಂಡಿಯ ಅಡಿಯಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೊಂದು, ಸ್ನಾನ ಪಾತ್ರೆಗಳ ಕೊಳೆನೀರಿಗೊಂದು, ಶೌಚಗೃಹದ್ದು ಇನ್ನೊಂದು. ಈ ಕಡೆಯ ತೊಟ್ಟಿಯನ್ನು ದಪ್ಪನೆಯ ಕೊಳವೆಯ ಮೂಲಕ ನೆಲದ ಗುಂಡಿಗೆ ಬರಿದುಮಾಡುವ ಕೆಲಸ ಬಂಡಿಯ ಯಜಮಾನನದೇ. ಮರುದಿನ ಬೆಳಗ್ಗೆ ಮಗ ಕೈಗವಸು ತೊಟ್ಟು ಆ ಕೆಲಸವನ್ನು ಮಾಡುತ್ತಿದ್ದಾಗ ಭಟ್ಟರು ದೂರ ನಿಂತು ನೋಡಿದರು. ಪಕ್ಕದ ಬಂಡಿಯ ಬಿಳಿಯ ವೃದ್ಧನೂ ಅದನ್ನೇ ಮಾಡುತ್ತ ಹವೆಯ ವಿಚಾರವಾಗಿ ಮಾತನಾಡುತ್ತಿದ್ದನು. ಈ ಕೆಲಸವನ್ನು ಕೆಲವರ ತಲೆಗೆ ಕಟ್ಟಿ, ಆಮೇಲೆ ಅವರನ್ನು ಮುಟ್ಟಬಾರದೆಂದ ನಾಡು ನಮ್ಮದು. ಅದನ್ನು ನಿಲ್ಲಿಸಲು 1993ರಲ್ಲಿ ಒಂದು ಶಾಸನ, ಅದು ಸಾಲದೆ 2013ರಲ್ಲಿ ಮತ್ತೊಂದು ಶಾಸನ ಬೇಕಾಯಿತು. ಮಗ ಕೈ ತೊಳೆದು ಬಂದ ಮೇಲೆ ಭಟ್ಟರು ತಾವೇ ಅವನಿಗೆ ಕಾಫಿಯ ಲೋಟವನ್ನು ಕೊಟ್ಟರು.

ಆ ಕಾಫಿಯ ಹೊತ್ತಿನಲ್ಲಿಯೇ ವಿಷಯ ಹೊರಬಿದ್ದುದು. "ಮಂಗಳವಾರ ನಿಮ್ಮ ಅಪ್ಪಯ್ಯನವರು ಊಟ ಮಾಡುವುದು ಹೊತ್ತಾಗುತ್ತದೆ, ಅಂದು ದೂರ ಓಡಿಸಬೇಡ" ಎಂದು ತಾಯಿ ಮಗನಿಗೆ ಹೇಳಿದರು. ಜ್ಯೇಷ್ಠ ಬಹುಳ ಪಂಚಮಿ, ಭಟ್ಟರ ತಂದೆಯ ತಿಥಿ. ಮಗನ ಮುಖ ಸಣ್ಣದಾಯಿತು. ಬಂಡಿಯನ್ನು ಗೊತ್ತುಮಾಡುವಾಗ ಅವನು ಶಾಲೆಯ ರಜೆಯನ್ನು ನೋಡಿದ್ದನು, ಕಚೇರಿಯ ರಜೆಯನ್ನು ನೋಡಿದ್ದನು, ಪಂಚಾಂಗವನ್ನು ನೋಡಿರಲಿಲ್ಲ.

"ಅಪ್ಪಯ್ಯ, ಮೊದಲೇ ಹೇಳಬಹುದಿತ್ತಲ್ಲ" ಎಂದನು.

"ಹಣ ಕಟ್ಟಿ ಆಗಿತ್ತಲ್ಲವೋ" ಎಂದರು ಭಟ್ಟರು.

ಹಣವೊಂದೇ ಕಾರಣವಾಗಿರಲಿಲ್ಲ. ಭಟ್ಟರು ಒಳಗೊಳಗೇ ತೂಗಾಡುತ್ತಿದ್ದರು. ಅವರ ತಂದೆ ತುಂಗಾತೀರದ ವೈದಿಕರು; ವಿಲಾಯತಿಗೆ ಹಡಗಿನಲ್ಲಿ ಹೋಗಿಬಂದ ಹತ್ತಿರದ ನೆಂಟರೊಬ್ಬರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಾರೆನೆಂದು ಮದುವೆಯ ಮನೆಯಿಂದ ಹಸಿದುಕೊಂಡೇ ಹಿಂದಿರುಗಿದವರು. ಬೋಧಾಯನರು ಪತನಕ್ಕೆ ಕಾರಣವಾದ ಕರ್ಮಗಳನ್ನು ಎಣಿಸುವಾಗ ಸಮುದ್ರಸಂಯಾನವನ್ನು ಹೇಳಿರುವುದು ನಿಜ; ಅದೇ ಗ್ರಂಥದ ಆದಿಯಲ್ಲಿ ಅದನ್ನು ಉತ್ತರದೇಶದವರ ಆಚಾರವೆಂದು ಹೇಳಿರುವುದೂ ನಿಜ. ವಿಮಾನದಲ್ಲಿ ಬಂದವನು ಸಮುದ್ರವನ್ನು ಮುಟ್ಟಲೇ ಇಲ್ಲವಲ್ಲ ಎಂದು ಜಾಣತನದಿಂದ ವಾದಿಸುವವರೂ ಉಂಟು. ಭಟ್ಟರಿಗೆ ಈ ವಾದಗಳೆಲ್ಲ ಗೊತ್ತಿದ್ದುವು. ಆದರೆ ಅವರನ್ನು ಕಾಡುತ್ತಿದ್ದ ಪ್ರಶ್ನೆ ಶಾಸ್ತ್ರದ್ದಲ್ಲ. ಅಂದು ಎಲೆಯ ಮುಂದಿನಿಂದ ಎದ್ದುಹೋದ ಆ ಮನುಷ್ಯ ಇಂದು ಈ ದೇಶದ ನೀರಿಗೆ ಕೈಯೊಡ್ಡಿಯಾರೆ?

ತಿಥಿಯ ಲೆಕ್ಕವನ್ನೂ ಅವರು ಮೊದಲೇ ಮಾಡಿಟ್ಟಿದ್ದರು. ಊರಿನ ಪಂಚಾಂಗದಂತೆ ಶ್ರಾದ್ಧ ಬುಧವಾರ, ಜೂನ್ 26. ಮಿಷಿಗನ್ನಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಯ ಮಂಗಳವಾರ ಮಧ್ಯಾಹ್ನ ಪಂಚಮಿ ಹುಟ್ಟಿ ಬುಧವಾರ ನಡುಹಗಲಿನ ಮೊದಲೇ ತೀರಿಹೋಗುವುದು. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ತಿಥಿ ಇರಬೇಕಷ್ಟೆ. ಆದುದರಿಂದ ಅಲ್ಲಿ ಮಂಗಳವಾರವೇ ಸಲ್ಲುವುದು. ಡೆಟ್ರಾಯಿಟ್ ಬಳಿಯ ದೇವಾಲಯದ ಪುರೋಹಿತರಿಂದ ದರ್ಭೆಯನ್ನೂ ತಂದಿಟ್ಟುಕೊಂಡಿದ್ದರು. ಎಳ್ಳು ಅಲ್ಲಿಯ ಅಂಗಡಿಗಳಲ್ಲಿಯೇ ದೊರೆಯುತ್ತದೆ. ಸಂಕಲ್ಪದ ವಿಚಾರದಲ್ಲಿ ಮಾತ್ರ ಗೊಂದಲ ಉಳಿದಿತ್ತು. ನಮ್ಮಲ್ಲಿ ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ ಎಂದು ಹೇಳಿಕೊಳ್ಳುತ್ತೇವೆ. ಆ ದೇಶದಲ್ಲಿ ಕೆಲವರು ಪುರೋಹಿತರು ಕ್ರೌಂಚದ್ವೀಪ, ರಮಣಕವರ್ಷ ಎಂದು ಹೇಳಿಸುವ ರೂಢಿಯಿದೆ. ಪುರಾಣದ ಕ್ರೌಂಚದ್ವೀಪವನ್ನು ದಧಿಸಮುದ್ರ ಸುತ್ತಿರಬೇಕೆಂದು ಓದಿದ್ದ ಭಟ್ಟರಿಗೆ ಅದು ಒಪ್ಪಿಗೆಯಾಗಲಿಲ್ಲ.

ಭಾನುವಾರ ಸೂ ಸೇಂಟ್ ಮರೀ ಎಂಬ ಊರು. ಸುಪೀರಿಯರ್ ಸರೋವರದ ನೀರು ಇಲ್ಲಿಂದ ಸೇಂಟ್ ಮೇರೀಸ್ ನದಿಯಾಗಿ ಕೆಳಗಣ ಸರೋವರಕ್ಕೆ ಇಳಿಯುತ್ತದೆ. ಇಳಿತ ಇಪ್ಪತ್ತೊಂದು ಅಡಿ. ಹಡಗುಗಳನ್ನು ಹತ್ತಿಸಿ ಇಳಿಸುವುದಕ್ಕಾಗಿ 1855ರಲ್ಲಿ ಮೊದಲ ಲಾಕು ಕಟ್ಟಿದರು. ಬಾಗಿಲುಗಳುಳ್ಳ ದೊಡ್ಡ ತೊಟ್ಟಿಯೆಂದು ತಿಳಿಯಬಹುದು. ಮೇಲಣ ಬಾಗಿಲ ಕಡೆಯಿಂದ ನೀರು ಬಿಟ್ಟರೆ ತೊಟ್ಟಿ ತುಂಬಿ ಹಡಗು ತಾನಾಗಿ ಮೇಲೇಳುವುದು. ಕೆಳಕ್ಕೆ ಬಿಟ್ಟರೆ ಇಳಿಯುವುದು. ಯಂತ್ರದಿಂದ ನೀರೆತ್ತುವುದಿಲ್ಲ, ನೀರಿನ ಭಾರವೇ ಎಲ್ಲ ಕೆಲಸವನ್ನು ಮಾಡುತ್ತದೆ. ಕಬ್ಬಿಣದ ಅದುರನ್ನು ಹೊತ್ತ, ಸಾವಿರ ಅಡಿ ಉದ್ದದ ಹಡಗೊಂದು ಸದ್ದಿಲ್ಲದೆ ಎದುರಿಗೆ ಕುಗ್ಗಿಹೋಗುವುದನ್ನು ಭಟ್ಟರು ಎರಡು ಗಂಟೆ ನಿಂತು ನೋಡಿದರು. ಹೊರಡೋಣವೆಂದು ಮೂರು ಸಲ ಕರೆಯಬೇಕಾಯಿತು.

ಸೋಮವಾರ ವೈಟ್‌ಫಿಷ್ ಪಾಯಿಂಟ್. ಮುಳುಗಿದ ಹಡಗುಗಳ ವಸ್ತುಸಂಗ್ರಹಾಲಯ ಅಲ್ಲಿದೆ. 1975ರ ನವೆಂಬರ್ 10ರ ರಾತ್ರಿ ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಎಂಬ ಅದುರಿನ ಹಡಗು ಬಿರುಗಾಳಿಗೆ ಸಿಕ್ಕಿ, ಈ ಕೊನೆಯನ್ನು ಮುಟ್ಟುವುದಕ್ಕೆ ಸ್ವಲ್ಪವೇ ದೂರವಿರುವಾಗ ಇಪ್ಪತ್ತೊಂಬತ್ತು ಮಂದಿಯೊಡನೆ ಮುಳುಗಿತು. ಸರೋವರದ ತಳ ಅತಿಶೀತ. ದೇಹಗಳು ಮೇಲೆ ಬರಲಿಲ್ಲ. 1995ರಲ್ಲಿ ಹಡಗಿನ ಗಂಟೆಯನ್ನು ಮಾತ್ರ ಮೇಲೆತ್ತಿ, ಅದರ ಸ್ಥಾನದಲ್ಲಿ ಇಪ್ಪತ್ತೊಂಬತ್ತು ಹೆಸರುಗಳನ್ನು ಕೊರೆದ ಬೇರೊಂದು ಗಂಟೆಯನ್ನು ಕೆಳಗೆ ಇಟ್ಟುಬಂದರು. ಪ್ರತಿವರ್ಷ ನವೆಂಬರ್ 10ರಂದು ಆ ಹಳೆಯ ಗಂಟೆಯನ್ನು ಇಪ್ಪತ್ತೊಂಬತ್ತು ಸಲ ಬಾರಿಸಿ, ಈ ಸರೋವರಗಳಲ್ಲಿ ತೀರಿಕೊಂಡ ಉಳಿದೆಲ್ಲರಿಗಾಗಿ ಮೂವತ್ತನೆಯ ಸಲ ಬಾರಿಸುವರು. ಮೊಮ್ಮಗಳು ಇದನ್ನು ಓದಿ ಕನ್ನಡದಲ್ಲಿ ತಿಳಿಸಿದಾಗ ಭಟ್ಟರು "ಮೂವತ್ತನೆಯದು ಯಾರಿಗೆ ಎಂದೆ, ಇನ್ನೊಂದು ಸಲ ಹೇಳು" ಎಂದು ಕೇಳಿ ತಿಳಿದುಕೊಂಡರು. ಅಂದು ಸಂಜೆ ಟಕ್ವಾಮೆನಾನ್ ಎಂಬ ಜಲಪಾತವನ್ನು ನೋಡಿದರು. ಐವತ್ತು ಅಡಿಯಿಂದ ಬೀಳುವ ನೀರು, ಜೌಗಿನ ಮರಗಳ ಸತ್ತ್ವ ಇಳಿದು, ಕಾಫಿಯ ಡಿಕಾಕ್ಷನ್ನಿನಂತೆ ಕಂದು. ಜೋಗವನ್ನು ಕಂಡವರಿಗೆ ಅದು ದೊಡ್ಡದೆನಿಸದು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಗ್ರ್ಯಾಂಡ್ ಮರೇ ಊರನ್ನು ದಾಟಿ ಟ್ವೆಲ್ವ್ ಮೈಲ್ ಬೀಚ್ ಎಂಬ ಮರಳುದಂಡೆಗೆ ಬಂದರು. ಬೆಳ್ಳಗಿನ ತೊಗಟೆಯ ಭೂರ್ಜವೃಕ್ಷಗಳ ಕಾಡು, ಅದರ ಅಂಚಿಗೆ ಮರಳು, ಆಚೆಗೆ ಎದುರುದಡವೇ ಕಾಣದ ನೀರು. ಭೂರ್ಜಪತ್ರದ ಹೆಸರನ್ನು ಕುಮಾರಸಂಭವದಲ್ಲಿ ಓದಿದವರು ಅದರ ಒಂದು ಜಾತಿಯನ್ನು ಅಲ್ಲಿ ಕೈಯಿಂದ ಮುಟ್ಟಬಹುದು. ಸರೋವರದ ವಿಸ್ತಾರ 82,000 ಚದರ ಕಿಲೋಮೀಟರಿಗೂ ಹೆಚ್ಚು, ಅತಿ ಆಳವಾದೆಡೆ 406 ಮೀಟರು; ನೀರಿನ ಹರವಿನಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಲ್ಲೆಲ್ಲ ಇದೇ ಹಿರಿದು. ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರು ಇದನ್ನು ಗಿಚಿಗಮಿ, ಎಂದರೆ ಮಹಾಸಮುದ್ರ, ಎಂದರು. ಮೊಮ್ಮಗಳು ಬೊಗಸೆಯಲ್ಲಿ ಕುಡಿದು ನೋಡಿ, "ಉಪ್ಪಿಲ್ಲ ಅಜ್ಜ, ಸಮುದ್ರ ಅಲ್ಲ" ಎಂದಳು. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾವ ಧರ್ಮಸಭೆಯೂ ಕೊಡಲಾರದು.

ಪ್ರವಾಸದಲ್ಲಿ ಅನ್ನಶ್ರಾದ್ಧಕ್ಕೆ ಅನುಕೂಲವಿಲ್ಲದವನು ಹಿರಣ್ಯರೂಪವಾಗಿ ಮಾಡಬಹುದೆಂದು ಶಾಸ್ತ್ರ ದಾರಿ ಬಿಟ್ಟಿದೆ. ದಕ್ಷಿಣೆಯನ್ನೂ ಅಕ್ಕಿ ಬೇಳೆಗಳನ್ನೂ ಸೊಸೆ ಹೊಸ ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟಳು. ಹಗಲು ಅಲ್ಲಿ ಹದಿನೈದೂವರೆ ಗಂಟೆಗೂ ಮೀರಿದುದಾದ್ದರಿಂದ ಅಪರಾಹ್ಣ ಹುಟ್ಟುವಾಗ ಮೂರು ಗಂಟೆ ಕಳೆದಿತ್ತು. ಎಪ್ಪತ್ತಾರು ವರ್ಷದ ಭಟ್ಟರು ಅಲ್ಲಿಯವರೆಗೆ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮಗ ಒಂದು ಮಾತೂ ಆಡದೆ ಪಂಚೆಯುಟ್ಟು ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತನು.

ನೀರಿಗೆ ಮೊಣಕಾಲಿನವರೆಗೆ ಇಳಿದ ಮೇಲೆ ಒಂದು ತೊಡಕು ತಲೆದೋರಿತು. ಪಿತೃಕಾರ್ಯಕ್ಕೆ ದಕ್ಷಿಣಾಭಿಮುಖವಾಗಬೇಕು, ಸರೋವರವಿರುವುದು ಉತ್ತರಕ್ಕೆ. ಹಾಗೆ ನಿಂತರೆ ಮಹಾಜಲವೆಲ್ಲ ಬೆನ್ನಿಗಾಗಿ ಕಾಡು, ಬಂಡಿ, ಬಂಡಿಯ ಮೆಟ್ಟಿಲಲ್ಲಿ ಕುಳಿತ ಹೆಂಗಸರು ಎದುರಿಗಾಗುವರು. ಭೂಗೋಲದ ಮೇಲೆ ದಾರ ಹಿಡಿದು ನೋಡಿದರೆ ಅಲ್ಲಿಂದ ನಮ್ಮ ದೇಶಕ್ಕೆ ಹತ್ತಿರದ ದಾರಿ ಉತ್ತರಕ್ಕೇ, ಧ್ರುವದ ಕಡೆಯಿಂದಲೇ, ಎಂದು ಮೊಮ್ಮಗಳು ಹಿಂದಿನ ದಿನ ತೋರಿಸಿದ್ದಳು. ಹೀಗೆ ಊರಿಗೂ ಬೆನ್ನು. ಭಟ್ಟರು ಒಂದು ಗಳಿಗೆ ಯೋಚಿಸಿ ದಕ್ಷಿಣಕ್ಕೇ ತಿರುಗಿದರು. ಸಂಕಲ್ಪದಲ್ಲಿ ಕ್ರೋಧಿ ಸಂವತ್ಸರ, ಉತ್ತರಾಯಣ, ಗ್ರೀಷ್ಮ ಋತು ಎಂದು ಹೇಳುವಾಗ ಕಾಲು ಮರಗಟ್ಟುತ್ತಿತ್ತು. ದ್ವೀಪ ವರ್ಷಗಳ ಹೆಸರಿನ ಎಡೆಯಲ್ಲಿ ಅವರು ಜಂಬೂ ಎನ್ನಲಿಲ್ಲ, ಕ್ರೌಂಚ ಎನ್ನಲಿಲ್ಲ. ಈ ಸರಸ್ಸಿನ ದಕ್ಷಿಣ ತೀರದಲ್ಲಿ ಎಂದಷ್ಟೇ ಹೇಳಿದರು. ಜನಿವಾರ ಎಡಕ್ಕಾಯಿತು. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಎಳ್ಳುನೀರು ಮೊದಲು ತಂದೆಗೆ, ಆಮೇಲೆ ಅಜ್ಜನಿಗೆ, ಮುತ್ತಜ್ಜನಿಗೆ ಇಳಿಯಿತು. ಈ ಸರೋವರಕ್ಕೆ ಸೇರಿದ ನೀರು ಹೊರಗೆ ಹರಿದುಹೋಗಲು ಸರಾಸರಿ 191 ವರ್ಷ ಹಿಡಿಯುವುದೆಂದು ಲೆಕ್ಕ. ಅಂದಮೇಲೆ ಆ ಬೊಗಸೆಯಲ್ಲಿದ್ದುದರಲ್ಲಿ ಕೆಲವು ಹನಿಯಾದರೂ, ಮುತ್ತಜ್ಜ ಹುಟ್ಟುವುದಕ್ಕೆ ಮೊದಲೇ ಅಲ್ಲಿಗೆ ಬಂದು ಕಾದಿದ್ದಿರಬೇಕು.

ತಂದೆಯ ಹೆಸರನ್ನು ಮೂರನೆಯ ಸಲ ಹೇಳುವಾಗ ಭಟ್ಟರ ಧ್ವನಿ ತಡೆಯಿತು. ಮಗ ನೀರೆರೆಯುವ ಪಾತ್ರೆಯನ್ನು ಹಾಗೆಯೇ ಎತ್ತಿ ಹಿಡಿದು ಕಾದನು. ಆಮೇಲೆ ಮಂತ್ರ ಮುಂದುವರಿಯಿತು. ಕೊನೆಯಲ್ಲಿ, ತಾಯಿ ತಂದೆ ಬಂಧು ಯಾರೂ ಇಲ್ಲದವರಿಗಾಗಿ ವಸ್ತ್ರದ ತುದಿಯಿಂದ ನೀರು ಹಿಂಡುವ ವಿಧಿ ಬಂದಾಗ, ಭಟ್ಟರು ಒಮ್ಮೆ ಮಾತ್ರ ತಲೆ ತಿರುಗಿಸಿ ಬೆನ್ನ ಹಿಂದಿನ ಸರೋವರವನ್ನು ನೋಡಿದರು.

ಊಟವಾದಾಗ ಐದೂವರೆ ಗಂಟೆ. ಭಟ್ಟರ ಪತ್ನಿ ಅಂದು ಬಂಡಿಯ ಹೊರಗೆ ಗಾಳಿ ಬಲವಾಗಿ ಒಲೆ ನಿಲ್ಲದ್ದರಿಂದ, ಎರಡು ಮೊಳದ ಅಂತರದ ಆ ಒಳಗಿನ ಒಲೆಯಲ್ಲಿಯೇ ಬಾಗಿಲಿಗೆ ಒದ್ದೆಯ ಪಂಚೆಯನ್ನು ಅಡ್ಡಕಟ್ಟಿ ಅಡಿಗೆ ಮಾಡಿದ್ದರು. ಬಡಿಸುವಾಗ ಅದರ ಪ್ರಸ್ತಾಪ ಬರಲಿಲ್ಲ, ಸೊಸೆಯೂ ಎತ್ತಲಿಲ್ಲ.

ಮರುದಿನ ಮ್ಯೂನಿಸಿಂಗ್ ಊರಿನಿಂದ ದೋಣಿಯಲ್ಲಿ ಹೋಗಿ ಚಿತ್ರಶಿಲೆಗಳನ್ನು ನೋಡಿದರು. 1966ರಲ್ಲಿ ರಕ್ಷಿತತೀರವೆಂದು ಗೊತ್ತುಪಡಿಸಿದ ಆ ಮರಳುಗಲ್ಲಿನ ಗೋಡೆಗಳು ಇನ್ನೂರು ಅಡಿಯವರೆಗೆ ಏಳುತ್ತವೆ. ಒಸರುವ ನೀರಿನಲ್ಲಿಯ ಕಬ್ಬಿಣ ಕೆಂಪಾಗಿಯೂ ತಾಮ್ರ ಹಸುರು ನೀಲಿಯಾಗಿಯೂ ಅವುಗಳ ಮೇಲೆ ಪಟ್ಟೆ ಎಳೆದಿವೆ. ಗುರುವಾರ ಮಾರ್ಕೆಟ್ ಎಂಬ ಪಟ್ಟಣ. ಹೆಸರಿನಿಂದ ಸಂತೆಯೆಂದು ಭಟ್ಟರ ಪತ್ನಿ ಚೀಲ ತೆಗೆದುಕೊಂಡು ಇಳಿದರು, ಅದು ಹಳೆಯ ಪಾದ್ರಿಯೊಬ್ಬನ ಹೆಸರಂತೆ. ಅಲ್ಲಿ ಹಡಗಿಗೆ ಅದುರು ತುಂಬುವ ಕಟ್ಟೆಯನ್ನು ನೋಡುತ್ತ ನಿಂತಾಗ ಮಗ, "ಅಪ್ಪಯ್ಯ, ಬರುವ ವರ್ಷ ತಿಥಿ ಯಾವ ತಾರೀಕಿಗೆ ಬೀಳುತ್ತದೆ?" ಎಂದು ಕೇಳಿದನು.

"ಮುಂದಿನ ಪಂಚಾಂಗ ಇನ್ನೂ ಅಚ್ಚಾಗಿಲ್ಲವಲ್ಲೋ. ಯುಗಾದಿಯ ಹೊತ್ತಿಗೆ ನೋಡಿ ಬರೆಯುತ್ತೇನೆ" ಎಂದರು ಭಟ್ಟರು.